ಸೆಲ್ಫಿ ಆಯ್ತಾ? ಇನ್ನು ಟಿಯು-142ರ ಕಥೆ ಕೇಳಿ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಬರುವವರ ಮೊದಲ ಫೋಟೊ ಈಗ ಸಮುದ್ರದ್ದಲ್ಲ, ವಿಮಾನದ್ದು. ಸುಮಾರು 53 ಮೀಟರ್ ಉದ್ದ, 50 ಮೀಟರ್ ಅಗಲದ ರೆಕ್ಕೆ, ನಾಲ್ಕು ಎಂಜಿನ್, ಎಂಟು ಪ್ರೊಪೆಲ್ಲರ್. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ರಸ್ತೆ ಮೇಲೆ ಬಂದು, ಇಲ್ಲಿ ಮತ್ತೆ ಜೋಡಣೆಯಾಗಿ ನಿಂತ ಟಿಯು-142 ಅದು. ಪಕ್ಕದಲ್ಲೇ ಇರುವ ಯುದ್ಧನೌಕೆ ‘ಚಪಲ್’ ಕೂಡ ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾಯಿತು. ಇನ್ನು ಅರಗಾದ ಕದಂಬ ನೌಕಾನೆಲೆಗೆ ಬಂದು ನಿಲ್ಲುವ ‘ವಿಕ್ರಮಾದಿತ್ಯ’ದ ಹಿಂದಿನ ಹೆಸರು ‘ಅಡ್ಮಿರಲ್ ಗೋರ್ಷ್ಕೊವ್’. ರಷ್ಯಾವನ್ನು ನಾವು ಭೂಪಟದಲ್ಲಿ ಹುಡುಕುತ್ತೇವೆ, ಆದರೆ ಅದರ ಮಿಲಿಟರಿ ಇತಿಹಾಸದ ಮೂರು ತುಂಡುಗಳು ನಮ್ಮ ತಾಲ್ಲೂಕಿನಲ್ಲೇ ಇವೆ.

ವಿಮಾನದ ಉದ್ದ, ತೂಕ, ವೇಗ ಮೊಬೈಲ್‌ನಲ್ಲಿ ಒಂದು ನಿಮಿಷದಲ್ಲಿ ಸಿಗುತ್ತದೆ. ಇದನ್ನು ಯಾಕೆ ಕಟ್ಟಿದರು, ಯಾರ ಅಪ್ಪಣೆಯಲ್ಲಿ ಹಾರಿಸುತ್ತಿದ್ದರು, ಹಾರಿಸುವುದಕ್ಕೆ ನೆಲದ ಮೇಲೆ ಎಂಥ ವ್ಯವಸ್ಥೆ ಬೇಕಿತ್ತು ಎಂಬುದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣದ ಯೋಜನೆ ಇರುವಾಗ, ನಮ್ಮಂಥ ವಿದ್ಯಾರ್ಥಿಗಳಿಗೆ ಈ ಪ್ರಶ್ನೆಗಳು ಬರೀ ಇತಿಹಾಸದವಲ್ಲ.

ಬಾಂಬರ್ ವಂಶದ ಕುಡಿ

ಟಿಯು-142ರ ಅಣ್ಣ ಟಿಯು-95. ಅದು ರಷ್ಯಾದ ‘ಲಾಂಗ್ ರೇಂಜ್ ಏವಿಯೇಷನ್’, ಅಂದರೆ ದೂರಗಾಮಿ ವಾಯುದಳದ ಬಾಂಬರ್. ಈ ದಳ ತನ್ನ ಹುಟ್ಟನ್ನು 1914ಕ್ಕೆ ಲೆಕ್ಕ ಹಾಕುತ್ತದೆ. ಆ ವರ್ಷ ಇಗೊರ್ ಸಿಕೋರ್ಸ್ಕಿ ವಿನ್ಯಾಸ ಮಾಡಿದ ‘ಇಲ್ಯಾ ಮೂರೊಮೆತ್ಸ್’ ಎಂಬ ನಾಲ್ಕು ಎಂಜಿನ್ ವಿಮಾನಗಳ ತಂಡ ರಚನೆಯಾಯಿತು. ಅದರ ನೆನಪಿಗೆ ಡಿಸೆಂಬರ್ 23 ಇಂದಿಗೂ ಆ ದಳದ ದಿನ. ಮುಂದೆ ಅಮೆರಿಕಕ್ಕೆ ಹೋಗಿ ಹೆಲಿಕಾಪ್ಟರ್‌ಗಳಿಂದ ಹೆಸರಾದ ಸಿಕೋರ್ಸ್ಕಿ ಇವರೇ.

ಎರಡನೇ ಮಹಾಯುದ್ಧದ ನಡುವೆ, 1942ರ ಮಾರ್ಚ್‌ನಲ್ಲಿ, ಸೋವಿಯತ್ ಸರ್ಕಾರ ದೂರಗಾಮಿ ಬಾಂಬರ್‌ಗಳನ್ನೆಲ್ಲ ಒಟ್ಟುಗೂಡಿಸಿ ನೇರವಾಗಿ ‘ಸ್ತಾವ್ಕಾ’ ಎಂಬ ಸರ್ವೋಚ್ಚ ಸೇನಾ ಕೇಂದ್ರದ ಕೈಕೆಳಗೆ ತಂದಿತು. ಅಲೆಕ್ಸಾಂಡರ್ ಗೊಲೊವಾನೊವ್ ಅದರ ದಂಡನಾಯಕ. ದೊಡ್ಡ ವಿಮಾನಗಳನ್ನು ಒಂದೊಂದು ರಣರಂಗಕ್ಕೆ ಹಂಚಿಬಿಟ್ಟರೆ ಅವು ಅಲ್ಲಲ್ಲಿನ ಸಣ್ಣ ಕೆಲಸಗಳಲ್ಲೇ ಸವೆದುಹೋಗುತ್ತವೆ. ದೂರದ ಗುರಿಗೆ ಎಲ್ಲವನ್ನೂ ಒಟ್ಟಿಗೆ ಕಳಿಸಬೇಕಾದರೆ ಹಗ್ಗ ಒಂದೇ ಕೈಯಲ್ಲಿರಬೇಕು. 1944ರ ಕೊನೆಗೆ ಇದು 18ನೇ ವಾಯುಸೇನೆಯಾಯಿತು, 1946ರಲ್ಲಿ ಮತ್ತೆ ಹಳೆಯ ಹೆಸರಿಗೆ ಮರಳಿತು, 1980ರಲ್ಲಿ ಹಲವು ವಾಯುಸೇನೆಗಳಾಗಿ ಒಡೆಯಿತು, 1998ರಲ್ಲಿ 37ನೇ ವಾಯುಸೇನೆ ಎಂದು ಒಂದಾಯಿತು. ಬೋರ್ಡು ಎಷ್ಟೇ ಸಲ ಬದಲಾದರೂ ಆ ಒಂದೇ ಕೈಯ ತತ್ವ ಮತ್ತೆ ಮತ್ತೆ ಮರಳಿ ಬಂತು.

ಎಂಜಿನಿಯರಿಂಗ್ ಓದುವವರಿಗೆ ಇಲ್ಲೊಂದು ಮಜಾ ಇದೆ. 1944ರಲ್ಲಿ ಜಪಾನ್ ಮೇಲೆ ದಾಳಿಗೆ ಹೋಗಿದ್ದ ಅಮೆರಿಕದ ಮೂರು ಬಿ-29 ವಿಮಾನಗಳು ತುರ್ತಾಗಿ ಸೋವಿಯತ್ ನೆಲದಲ್ಲಿ ಇಳಿದವು. ಅವನ್ನು ಬಿಚ್ಚಿ, ಅಳೆದು, ನಕಲು ಮಾಡಿ ಟಿಯು-4 ಕಟ್ಟಿದರು. ರಿವರ್ಸ್ ಎಂಜಿನಿಯರಿಂಗ್‌ಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ಆ ಅನುಭವದ ಮೇಲೆ ಟುಪೊಲೆವ್ ಸಂಸ್ಥೆ ರೂಪಿಸಿದ ಟಿಯು-95 ಮೊದಲು ಹಾರಿದ್ದು 1952ರ ನವೆಂಬರ್ 12ರಂದು.

ಜೆಟ್ ಯುಗದಲ್ಲಿ ಪ್ರೊಪೆಲ್ಲರ್ ಯಾಕೆ? ಆಗಿನ ಜೆಟ್ ಎಂಜಿನ್‌ಗಳು ವಿಪರೀತ ಇಂಧನ ಕುಡಿಯುತ್ತಿದ್ದವು. ಅಮೆರಿಕದವರೆಗೆ ಹೋಗಿ ಬರುವುದು ಅವುಗಳಿಂದ ಆಗದು. ಹಾಗಾಗಿ ತಲಾ ಸುಮಾರು 15,000 ಅಶ್ವಶಕ್ತಿಯ ಎನ್‌ಕೆ-12 ಟರ್ಬೊಪ್ರಾಪ್ ಎಂಜಿನ್ ಬಂತು. ಒಂದೊಂದು ಎಂಜಿನ್ ಎರಡು ಪ್ರೊಪೆಲ್ಲರ್‌ಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ. ಮುಂದಿನದು ಗಾಳಿಯನ್ನು ಸುರುಳಿ ಸುತ್ತಿಸಿ ಹಿಂದೆ ತಳ್ಳುತ್ತದೆ. ಆ ಸುರುಳಿಯಲ್ಲಿ ವ್ಯರ್ಥವಾಗುವ ಶಕ್ತಿಯನ್ನು ಹಿಂದಿನದು ನೇರಮಾಡಿ ವಾಪಸ್ ಪಡೆಯುತ್ತದೆ. ಬೀಚಿನಲ್ಲಿ ನಿಂತು ಎಣಿಸಿ ನೋಡಿ: ಪ್ರತಿ ಎಂಜಿನ್‌ಗೆ ನಾಲ್ಕು ಪ್ಲಸ್ ನಾಲ್ಕು, ಒಟ್ಟು 32 ಅಲಗು.

ಒಂದೇ ಮೈ, ಎರಡು ಯಜಮಾನರು

1960ರಿಂದ ಅಮೆರಿಕ ತನ್ನ ಪೊಲಾರಿಸ್ ಕ್ಷಿಪಣಿಗಳನ್ನು ಜಲಾಂತರ್ಗಾಮಿಗಳಲ್ಲಿ ಇಟ್ಟು ಸಾಗರದಲ್ಲಿ ಬಚ್ಚಿಡತೊಡಗಿತು. ಅವನ್ನು ಹುಡುಕಲು ಗಂಟೆಗಟ್ಟಲೆ ನೀರಿನ ಮೇಲೆ ಸುತ್ತುವ ವಿಮಾನ ಬೇಕಿತ್ತು. ಟಿಯು-95ರ ಮೈಯನ್ನೇ ಹಿಗ್ಗಿಸಿ, ಒಳಗೆ ಬೇರೆ ಉಪಕರಣ ತುಂಬಿ ಟಿಯು-142 ಮಾಡಿದರು. ಮೊದಲ ಹಾರಾಟ 1968ರಲ್ಲಿ. ಇದು ಸಮುದ್ರಕ್ಕೆ ‘ಸೊನೊಬಾಯ್’ ಎಂಬ ತೇಲುವ ಕಿವಿಗಳನ್ನು ಉದುರಿಸುತ್ತದೆ. ಅವು ನೀರೊಳಗಿನ ಸದ್ದು ಕೇಳಿ ರೇಡಿಯೊ ಮೂಲಕ ವಿಮಾನಕ್ಕೆ ತಿಳಿಸುತ್ತವೆ.

ಅಣ್ಣ ತಮ್ಮ ಒಂದೇ ಥರ ಕಂಡರೂ ಯಜಮಾನರು ಬೇರೆ. ಟಿಯು-95 ದೂರಗಾಮಿ ವಾಯುದಳದ್ದು. 2009ರಲ್ಲಿ ಪ್ರತ್ಯೇಕ ಕಮಾಂಡ್ ಆದ ಈ ದಳ 2015ರಿಂದ ರಷ್ಯಾದ ಏರೋಸ್ಪೇಸ್ ಪಡೆಯ ಭಾಗ. ಮಾಸ್ಕೊದಲ್ಲಿ ಕಮಾಂಡ್, ಅದರ ಕೆಳಗೆ ಡಿವಿಷನ್, ಅದರ ಕೆಳಗೆ ರೆಜಿಮೆಂಟ್, ಅದರ ಕೆಳಗೆ ಸ್ಕ್ವಾಡ್ರನ್. ಸರಾತೊವ್ ಬಳಿಯ ಎಂಗೆಲ್ಸ್ ಮತ್ತು ದೂರಪೂರ್ವದ ಉಕ್ರಾಯಿಂಕಾ ಇದರ ಮುಖ್ಯ ನೆಲೆಗಳು. ಟಿಯು-142 ಮಾತ್ರ ನೌಕಾಪಡೆಯದು. ವೊಲೊಗ್ಡಾ ಬಳಿಯವು ಉತ್ತರದ ಫ್ಲೀಟ್‌ಗೆ, ಖಬಾರೊವ್‌ಸ್ಕ್ ಪ್ರಾಂತ್ಯದವು ಪೆಸಿಫಿಕ್ ಫ್ಲೀಟ್‌ಗೆ ಸೇರಿವೆ. 2011ರ ಹೊತ್ತಿಗೆ ರಷ್ಯಾ ತನ್ನ ನೌಕಾಪಡೆಯ ಟಿಯು-22ಎಂ3 ಬಾಂಬರ್‌ಗಳನ್ನು ವಾಯುಪಡೆಗೆ ವರ್ಗಾಯಿಸಿತು. ಟಿಯು-142ಗಳನ್ನು ಮುಟ್ಟಲಿಲ್ಲ. ಜಲಾಂತರ್ಗಾಮಿ ಬೇಟೆ ನೌಕಾಪಡೆಯದೇ ಕೆಲಸ ಎಂಬ ಲೆಕ್ಕ.

ಭಾರತವೂ ಇದೇ ದಾರಿ ಹಿಡಿಯಿತು. 1988ರಲ್ಲಿ ಎಂಟು ಟಿಯು-142ಗಳು ಗೋವಾದ ಹಂಸ ನೆಲೆಗೆ ಬಂದು, ನೌಕಾಪಡೆಯ 312ನೇ ಸ್ಕ್ವಾಡ್ರನ್ ‘ಆಲ್ಬಟ್ರಾಸ್’ ಆದವು. 1992ರಲ್ಲಿ ಅರಕ್ಕೋಣಂನ ರಾಜಾಳಿ ನೆಲೆಗೆ ಸ್ಥಳಾಂತರ. 29 ವರ್ಷ ದುಡಿದು 2017ರ ಮಾರ್ಚ್ 29ರಂದು ವಿದಾಯ. ಅದೇ ಸ್ಕ್ವಾಡ್ರನ್ ಈಗ ಅಮೆರಿಕದ ಪಿ-8ಐ ಹಾರಿಸುತ್ತದೆ. ವಿಮಾನ ಹೋಯಿತು, ಸ್ಕ್ವಾಡ್ರನ್ ಉಳಿಯಿತು. ಸಂಘಟನೆ ಎಂದರೆ ಇದೇ ಅಲ್ಲವೇ?

ಕಾಗದದ ಮೇಲಿನ ಬಲ

ಸೋವಿಯತ್ ಒಕ್ಕೂಟ ಒಡೆದಾಗ ಅದರ ಹಲವು ಬಾಂಬರ್‌ಗಳು ಉಕ್ರೇನ್‌ನಲ್ಲಿ ಉಳಿದುಬಿಟ್ಟವು. 1999ರಲ್ಲಿ ರಷ್ಯಾ ಎಂಟು ಟಿಯು-160 ಮತ್ತು ಮೂರು ಟಿಯು-95 ವಿಮಾನಗಳನ್ನು ಗ್ಯಾಸ್ ಸಾಲದ ಲೆಕ್ಕಕ್ಕೆ ಹಿಡಿದು ವಾಪಸ್ ಪಡೆಯಿತು. 2022ರಿಂದ ಅದೇ ಉಕ್ರೇನ್‌ನ ನಗರಗಳ ಮೇಲೆ ಇದೇ ದಳ ಕ್ರೂಸ್ ಕ್ಷಿಪಣಿ ಹಾರಿಸುತ್ತಿದೆ. ಆ ಯುದ್ಧ ಶುರುವಾದ ವಾರದಲ್ಲೇ ಖಾರ್ಕಿವ್‌ನಲ್ಲಿ ನಡೆದ ಶೆಲ್ ದಾಳಿಗೆ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಬಲಿಯಾದದ್ದು ನಮಗೆಲ್ಲ ನೆನಪಿದೆ. ಫೋಟೊ ತೆಗೆಯುವಾಗ ಮರೆತರೂ, ಇವು ಆಟಿಕೆಗಳಲ್ಲ.

2025ರ ಜೂನ್ 1ರಂದು ಉಕ್ರೇನ್ ಲಾರಿಗಳಲ್ಲಿ ಅಡಗಿಸಿ ಕಳಿಸಿದ ಸಣ್ಣ ಡ್ರೋನ್‌ಗಳು ಬೆಲಾಯಾ, ಒಲೆನ್ಯಾ ನೆಲೆಗಳಲ್ಲಿ ಬಯಲಲ್ಲಿ ನಿಂತಿದ್ದ ಬಾಂಬರ್‌ಗಳನ್ನು ಸುಟ್ಟವು. ಟಿಯು-95 ತಯಾರಿಕೆ ನಿಂತು ಮೂರು ದಶಕ ಕಳೆದಿದೆ. ಸುಟ್ಟದ್ದಕ್ಕೆ ಬದಲಿ ಇಲ್ಲ. ಕಮಾಂಡ್‌ನ ನಕ್ಷೆ ಎಷ್ಟೇ ಗಟ್ಟಿಯಾಗಿರಲಿ, ನಿಲ್ಲಿಸುವ ಶೆಡ್, ಕಾಯುವ ಕಣ್ಣು, ಬಿಡಿಭಾಗ ಮತ್ತು ರಿಪೇರಿ ಮಾಡುವ ಕೈ ಇಲ್ಲದಿದ್ದರೆ ಬಲ ಕಾಗದದ ಮೇಲೇ ಉಳಿಯುತ್ತದೆ.

ಅಲಗೇರಿಯ ಹ್ಯಾಂಗರ್‌ನಲ್ಲಿ ಯಾರು?

ಇಲ್ಲಿಗೆ ನಮ್ಮೂರಿನ ಪ್ರಶ್ನೆ ಬರುತ್ತದೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೆಲೆ ಕಾರ್ಯಾರಂಭ ಮಾಡಿತು. ನಡುವೆ ಕಾರವಾರ, ಅಂಕೋಲೆಯ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಅದಕ್ಕೂ ಮುಂಚೆ ಕಾಳಿ ಅಣೆಕಟ್ಟುಗಳು, ಆಮೇಲೆ ಕೈಗಾ, ಕೊಂಕಣ ರೈಲು. ಈಗ ಅಲಗೇರಿಯಲ್ಲಿ ನಾಗರಿಕ ವಿಮಾನಗಳಿಗೂ ಜಾಗವಿರುವ ನಿಲ್ದಾಣಕ್ಕೆ ಮತ್ತೆ ಜಮೀನು. ದೇಶದ ರಕ್ಷಣೆಗೆ ನೆಲ ಬೇಕು, ಒಪ್ಪೋಣ. ಆದರೆ ನೆಲ ಕೊಟ್ಟವರ ಮಕ್ಕಳ ಪಾಲಿಗೆ ಗೇಟಿನ ಹೊರಗಿನ ಚಹಾ ಅಂಗಡಿ ಮತ್ತು ಗುತ್ತಿಗೆಯ ಕಸ ಗುಡಿಸುವ ಕೆಲಸ ಮಾತ್ರ ಉಳಿಯಬಾರದು.

ಇನ್ನೊಂದು ಕಡೆಯ ಸತ್ಯವೂ ಇದೆ. ನೌಕಾಪಡೆಯ ನೇಮಕಾತಿ ಅಖಿಲ ಭಾರತ ಮಟ್ಟದ್ದು. ‘ನಮ್ಮೂರು’ ಎಂದರೆ ಸೀಟು ಸಿಗುವುದಿಲ್ಲ. ಹಾಗಾಗಿ ಬಾಗಿಲು ಎಲ್ಲಿದೆ ಎಂದು ಗೊತ್ತಿರಬೇಕು. ಐಟಿಐ ಮುಗಿಸಿದವರಿಗೆ ಕಾರವಾರದ ನೌಕಾ ಹಡಗು ದುರಸ್ತಿ ಯಾರ್ಡ್ ಮತ್ತು ಗೋವಾದ ನೌಕಾ ವಿಮಾನ ಯಾರ್ಡ್ ಅಪ್ರೆಂಟಿಸ್ ಅರ್ಜಿ ಕರೆಯುತ್ತವೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದವರಿಗೆ ಅಗ್ನಿವೀರ್ ಇದೆ. ಆದರೆ ಅದು ನಾಲ್ಕು ವರ್ಷದ್ದು, ಕಾಯಂ ಆಗುವುದು ಗರಿಷ್ಠ ಶೇ 25 ಮಂದಿ. ಇದನ್ನು ತಿಳಿದೇ ಹೋಗಬೇಕು. ನಮ್ಮಂಥ ಬಿಇ ವಿದ್ಯಾರ್ಥಿಗಳಿಗೆ ಶಾರ್ಟ್ ಸರ್ವೀಸ್ ಕಮಿಷನ್‌ನಲ್ಲಿ ಪೈಲಟ್, ಏರ್ ಟ್ರಾಫಿಕ್ ಕಂಟ್ರೋಲ್, ಎಂಜಿನಿಯರಿಂಗ್, ಎಲೆಕ್ಟ್ರಿಕಲ್ ಶಾಖೆಗಳಿವೆ. ಮೊದಲ ಆಯ್ಕೆ ಪದವಿಯ ಅಂಕದ ಮೇಲೆ ನಡೆಯುವುದರಿಂದ, ‘ಪಾಸಾದರೆ ಸಾಕು’ ಎಂಬ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ.

ಪೈಲಟ್ ಆಗುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಒಂದು ವಿಮಾನ ಏರಬೇಕಾದರೆ ನೆಲದ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ಜನ ಬೇಕು: ಎಂಜಿನ್ ನೋಡುವವರು, ರೇಡಾರ್ ತಿದ್ದುವವರು, ತುಕ್ಕು ತೆಗೆಯುವವರು. ಉಪ್ಪುಗಾಳಿ ತಗುಲಿದ ಲೋಹ ಏನಾಗುತ್ತದೆ ಎಂದು ಕರಾವಳಿಯ ಹುಡುಗ ಹುಡುಗಿಯರಿಗೆ ಪುಸ್ತಕ ಹೇಳಿಕೊಡಬೇಕಿಲ್ಲ. ಮನೆಯ ಕಿಟಕಿ ಸರಳು ನೋಡಿದರೆ ಸಾಕು.

ಜಿಲ್ಲಾಡಳಿತಕ್ಕೆ, ಕಾಲೇಜುಗಳಿಗೆ ಒಂದು ಕೋರಿಕೆ. ಟಿಯು-142 ನೋಡಲು ಬರುವವರಿಗೆ ವಿವರಿಸುವ ಕೆಲಸವನ್ನು ರಜಾದಿನಗಳಲ್ಲಿ ಸ್ಥಳೀಯ ವಿದ್ಯಾರ್ಥಿಗಳಿಗೆ ಕೊಡಿ. ಅಲಗೇರಿ ನಿಲ್ದಾಣ ಸಿದ್ಧವಾಗುವುದಕ್ಕೆ ಮೊದಲೇ ಅಂಕೋಲೆ, ಕಾರವಾರದ ಐಟಿಐಗಳಲ್ಲಿ ವಿಮಾನ ನಿರ್ವಹಣೆಗೆ ಬೇಕಾದ ಟ್ರೇಡ್‌ಗಳನ್ನು ಶುರು ಮಾಡಿ. ತರಬೇತಿಗೆ ಎರಡು ವರ್ಷವಾದರೂ ಬೇಕು. ರನ್‌ವೇ ಮುಗಿದ ಮೇಲೆ ಯೋಚಿಸಿದರೆ ತಡವಾಗುತ್ತದೆ.