ಹಳಹಳಿಯ ಲೆಕ್ಕ

‘ಸರ, ಈ ಸಲ ಹತ್ತಿ ಹಾಕ್ಲೋ ತೊಗರಿ ಹಾಕ್ಲೋ? ನಿಮ್ಮ ಗಣಿತದಾಗ ಇದಕ್ಕೇನರ ಉತ್ತರ ಅದ ಏನ್ರಿ?’

ಯಾದಗಿರಿ ಹತ್ತಿರದ ಹತ್ತಿಕುಣಿಯ ಓದುಗರೊಬ್ಬರ ಪ್ರಶ್ನೆ. ಊರಿನಲ್ಲಿ ಜಲಾಶಯವಿದೆ ನಿಜ. ಇವರ ಎರೆಹೊಲ ಮಾತ್ರ ಮಳೆಯನ್ನೇ ನಂಬಿದ್ದು.

ಉತ್ತರ ಇದೆ. ತಮಾಷೆಯೆಂದರೆ, ಒಂದಲ್ಲ, ಮೂರಿವೆ.

ಉದಾಹರಣೆಗೆ ಒಂದಿಷ್ಟು ಅಂಕಿ ಹಿಡಿಯೋಣ. ಮಳೆ ಹದವಾಗಿ ಬಂದರೆ ಎಕರೆ ಹತ್ತಿಗೆ 40 ಸಾವಿರ ರೂಪಾಯಿ ಲಾಭ, ಕೈಕೊಟ್ಟರೆ 15 ಸಾವಿರ ಲುಕ್ಸಾನು. ತೊಗರಿಗೆ ಮಳೆ ಬಂದರೆ 20 ಸಾವಿರ, ಬಾರದಿದ್ದರೂ 3 ಸಾವಿರ. ಹತ್ತು ವರ್ಷದಲ್ಲಿ ಆರು ವರ್ಷ ಒಳ್ಳೆಯ ಮಳೆ ಎಂದುಕೊಂಡರೆ ಸರಾಸರಿಯಲ್ಲಿ ಹತ್ತಿಗೆ 18 ಸಾವಿರ, ತೊಗರಿಗೆ 13,200. ಹಾಗಾದರೆ ಹತ್ತಿ! ಆದರೆ ಸರಾಸರಿ ಹತ್ತು ವರ್ಷದ ಮಾತು. ಬೀಜ-ಗೊಬ್ಬರದ ಅಂಗಡಿಯವನು ಬಾಕಿ ಕೇಳುವುದು ಈ ವರ್ಷವೇ.

ಗಣಿತಜ್ಞ ಅಬ್ರಹಾಂ ವಾಲ್ಡ್ ಹಾಕಿಕೊಟ್ಟ ದಾರಿ ಬೇರೆ: ಪ್ರತಿ ಆಯ್ಕೆಯ ಅತಿ ಕೆಟ್ಟ ಫಲವನ್ನಷ್ಟೇ ನೋಡು, ಅದರಲ್ಲಿ ವಾಸಿಯಾದದ್ದನ್ನು ಹಿಡಿ. ಆಗ ತೊಗರಿ. (ಈ ಬಗೆಯ ನಿರ್ಧಾರಗಳ ಮೇಲಿನ ಅವರ ದೊಡ್ಡ ಗ್ರಂಥ ಬಂದದ್ದು 1950ರಲ್ಲಿ. ಅದೇ ಡಿಸೆಂಬರಿನಲ್ಲಿ ಉಪನ್ಯಾಸಕ್ಕೆಂದು ಭಾರತಕ್ಕೆ ಬಂದಿದ್ದ ವಾಲ್ಡ್ ದಂಪತಿ ನೀಲಗಿರಿಯ ವಿಮಾನ ಅಪಘಾತದಲ್ಲಿ ತೀರಿಕೊಂಡರು.)

ನನಗೆ ಖುಷಿ ಕೊಟ್ಟದ್ದು ಮೂರನೆಯದು. ವಾಲ್ಡ್ ಪುಸ್ತಕವನ್ನು ವಿಮರ್ಶಿಸುತ್ತ 1951ರಲ್ಲಿ ಲಿಯೊನಾರ್ಡ್ ಸ್ಯಾವೇಜ್ ಮುಂದಿಟ್ಟ ಅಳತೆಗೋಲು ಲಾಭವಲ್ಲ, ಹಳಹಳಿ. ಮಳೆ ಬಂದ ವರ್ಷ ತೊಗರಿಯವನು ಪಕ್ಕದ ಹೊಲದ ಬಿಳಿ ಹತ್ತಿ ನೋಡಿ 20 ಸಾವಿರದಷ್ಟು ಹಳಹಳಿಸುತ್ತಾನೆ. ಮಳೆ ಹೋದ ವರ್ಷ ಹತ್ತಿಯವನ ಹಳಹಳಿ 18 ಸಾವಿರ. ಈಗ ಎಕರೆಯಲ್ಲಿ ಎರಡನ್ನೂ ಅರ್ಧರ್ಧ ಹಾಕಿ. ಮಳೆ ಬಂದರೆ 30 ಸಾವಿರ ಲಾಭ, ಹಳಹಳಿ 10 ಸಾವಿರ. ಬಾರದಿದ್ದರೆ 6 ಸಾವಿರ ನಷ್ಟ, ಹಳಹಳಿ 9 ಸಾವಿರ. ಎತ್ತ ಹೋದರೂ ಹಳಹಳಿ ಅರ್ಧಕ್ಕಿಳಿಯಿತು! ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂಬ ಊಹೆಯೂ ಈ ಲೆಕ್ಕಕ್ಕೆ ಬೇಕಾಗಲಿಲ್ಲ, ಗಮನಿಸಿ. ಹತ್ತಿಯ ನಡುನಡುವೆ ತೊಗರಿ ಸಾಲು ಬಿಡುವವರನ್ನು ಕಂಡು ‘ಧೈರ್ಯ ಸಾಲದು’ ಎಂದು ನಾನೂ ಒಂದು ಕಾಲಕ್ಕೆ ನಕ್ಕವನೇ.

‘ಎರಡು ವರ್ಷ ಮಳೆ ಹೋಯ್ತು, ಈ ಸಲ ಬಂದೇ ಬರ್ತದ’ ಎನ್ನುವವರಿಗೆ ಮಾತ್ರ ನನ್ನ ತಕರಾರಿದೆ. ಮೋಡ ಬಾಕಿ ತೀರಿಸುವ ಕುಳವಲ್ಲ. ಯುಗಾದಿ ಪಂಚಾಂಗದ ‘ಇಷ್ಟು ಕೊಳಗ ಮಳೆ’ಯನ್ನೂ ದಯವಿಟ್ಟು ದೂರವಿಡಿ, ಅದರಲ್ಲಿ ಹತ್ತಿಕುಣಿಗೂ ಆಗುಂಬೆಗೂ ಒಂದೇ ಕೊಳಗ.

ನನ್ನ ಅಂಕಿಗಳು ಕಲ್ಪಿಸಿಕೊಂಡವು. ಅಂಕಿ ಬದಲಾದರೆ ಅರ್ಧರ್ಧ ಎಂಬ ಪಾಲೂ ಬದಲಾಗುತ್ತದೆ. ಅಡತಿ ಅಂಗಡಿಯ ಹಳೆಯ ಪಟ್ಟಿಗಳನ್ನು, ಬೀಜ-ಗೊಬ್ಬರದ ಚೀಟಿಗಳನ್ನು ಹುಡುಕಿ ತೆಗೆದು ಕೂಡಿ ಕಳೆಯಿರಿ, ಮಿರಗ ಕೂಡುವ ಮುನ್ನ.