ಕಾಳುಮೆಣಸು: ಬಳ್ಳಿಯಲ್ಲಿರುವಾಗಲೇ ಒಣ ಇಳುವರಿಯನ್ನು ಅಂದಾಜಿಸುವ ವಿಧಾನ

ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ತೋಟಗಳಲ್ಲಿ ಕಾಳುಮೆಣಸಿನ ಫಸಲನ್ನು ಬಳ್ಳಿಯಲ್ಲಿರುವಾಗಲೇ ಗುತ್ತಿಗೆಗೆ ಕೊಡುವುದು ಅಥವಾ ಹಸಿಯಾಗಿಯೇ ಮಾರುವುದು ರೂಢಿಯಲ್ಲಿದೆ. ಮಾರುಕಟ್ಟೆಯ ಬೆಲೆ ನಿಗದಿಯಾಗುವುದು ಮಾತ್ರ ಒಣ ಮೆಣಸಿಗೆ. ಆದ್ದರಿಂದ ತೋಟದ ಹಸಿ ಫಸಲು ಎಷ್ಟು ಒಣ ಮೆಣಸಾಗುತ್ತದೆ ಎಂಬುದು ತಿಳಿಯದೆ ಮಾತು ಕೊಟ್ಟರೆ ನಷ್ಟ ಬೆಳೆಗಾರರದೇ ಆಗುತ್ತದೆ.

ಹಸಿಯಿಂದ ಒಣಗೆ: ತೂಕ ಇಳಿಯುವ ಲೆಕ್ಕ

ಬಲಿತ ಹಸಿ ಕಾಳಿನಲ್ಲಿ ಸುಮಾರು ಶೇ. 65ರಿಂದ 70ರಷ್ಟು ನೀರಿರುತ್ತದೆ. ಒಣಗುವಾಗ ಹೋಗುವುದು ನೀರು. ಉಳಿಯುವುದು ಘನ ಪದಾರ್ಥ. ಶೇ. 68 ತೇವಾಂಶವಿರುವ 100 ಕಿ.ಗ್ರಾಂ ಹಸಿ ಕಾಳಿನಲ್ಲಿ 32 ಕಿ.ಗ್ರಾಂ ಘನ ಪದಾರ್ಥವಿರುತ್ತದೆ. ಅದನ್ನು ಶೇ. 11 ತೇವಾಂಶಕ್ಕೆ ಒಣಗಿಸಿದರೆ ಸುಮಾರು 36 ಕಿ.ಗ್ರಾಂ ಒಣ ಮೆಣಸು ದೊರೆಯುತ್ತದೆ. ಎಳೆಯದಾಗಿ ಕೊಯ್ದು ತೇವಾಂಶ ಶೇ. 75 ಇದ್ದರೆ ದೊರೆಯುವುದು 28 ಕಿ.ಗ್ರಾಂ ಮಾತ್ರ.

ತಳಿಯಿಂದ ತಳಿಗೂ ವ್ಯತ್ಯಾಸವಿದೆ. ಪಣಿಯೂರು-1ರಲ್ಲಿ ಒಣ ಪ್ರಮಾಣ ಸುಮಾರು ಶೇ. 35, ಪಂಚಮಿಯಲ್ಲಿ ಶೇ. 34, ಪೌರ್ಣಮಿಯಲ್ಲಿ ಶೇ. 31. ಆದರೂ ಮಣ್ಣು, ನೆರಳು, ಕೊಯ್ಲಿನ ಹದಕ್ಕೆ ತಕ್ಕಂತೆ ಇದು ಬದಲಾಗುವುದರಿಂದ ತಮ್ಮ ತೋಟದ ಪ್ರಮಾಣವನ್ನು ತಾವೇ ಕಂಡುಕೊಳ್ಳುವುದು ಉತ್ತಮ.

ಅಂದಾಜಿಸುವ ಕ್ರಮ

1. ಬಳ್ಳಿಗಳನ್ನು ಎಣಿಸಿ ಉತ್ತಮ, ಸಾಧಾರಣ, ಕಡಿಮೆ ಫಸಲಿನವು ಎಂದು ಮೂರು ಗುಂಪು ಮಾಡಬೇಕು.

2. ಪ್ರತಿ ಗುಂಪಿನಿಂದ ಕನಿಷ್ಠ ಮೂರು ಬಳ್ಳಿಗಳನ್ನು ತೋಟದ ಬೇರೆ ಬೇರೆ ಭಾಗಗಳಿಂದ ಆರಿಸಬೇಕು. ದಾರಿಯ ಬದಿಯ ಸೊಂಪಾದ ಬಳ್ಳಿಗಳನ್ನೇ ಆರಿಸಿದರೆ ಅಂದಾಜು ಹೆಚ್ಚಾಗುತ್ತದೆ.

3. ತೆನೆಯಲ್ಲಿ ಒಂದೆರಡು ಕಾಳು ಹಳದಿ ಅಥವಾ ಕೆಂಪು ಬಣ್ಣಕ್ಕೆ ತಿರುಗಿದಾಗ ಆ ಬಳ್ಳಿಗಳನ್ನು ಪೂರ್ಣವಾಗಿ ಕೊಯ್ದು, ಕಾಳು ಬಿಡಿಸಿ, ದಂಟು ಬೇರ್ಪಡಿಸಿ ತೂಗಬೇಕು. ತೆನೆಸಹಿತ ತೂಕವನ್ನು ಕಾಳಿನ ತೂಕವೆಂದು ಭಾವಿಸಬಾರದು.

4. ಬಿಡಿಸಿದ ಕಾಳನ್ನು ಬೆರೆಸಿ, ಅದರಿಂದ 1 ಕಿ.ಗ್ರಾಂ ತೆಗೆದು ಸ್ವಚ್ಛ ಟಾರ್ಪಾಲಿನ್ ಮೇಲೆ ತೆಳುವಾಗಿ ಹರಡಿ ಒಣಗಿಸಬೇಕು. ಸತತ ಎರಡು ದಿನ ತೂಕ ಬದಲಾಗದಿದ್ದರೆ ಮಾದರಿ ಒಣಗಿದೆ ಎಂದರ್ಥ. ಉಳಿದ ತೂಕ 340 ಗ್ರಾಂ ಆದರೆ ಒಣ ಪ್ರಮಾಣ ಶೇ. 34.

ಉದಾಹರಣೆ: 200 ಬಳ್ಳಿಗಳ ತೋಟದಲ್ಲಿ 60 ಉತ್ತಮ, 100 ಸಾಧಾರಣ, 40 ಕಡಿಮೆ ಫಸಲಿನ ಬಳ್ಳಿಗಳಿವೆ, ಸರಾಸರಿ ಹಸಿ ಕಾಳು ಕ್ರಮವಾಗಿ 6, 3 ಮತ್ತು 1 ಕಿ.ಗ್ರಾಂ ಎಂದಿಟ್ಟುಕೊಳ್ಳೋಣ. ಒಟ್ಟು ಹಸಿ ಫಸಲು 360 + 300 + 40 = 700 ಕಿ.ಗ್ರಾಂ. ಶೇ. 34ರಂತೆ ಒಣ ಮೆಣಸು 238 ಕಿ.ಗ್ರಾಂ. ಎಳೆಯ ಕೊಯ್ಲಿನಿಂದ ಪ್ರಮಾಣ ಶೇ. 28ಕ್ಕೆ ಇಳಿದರೆ ದೊರೆಯುವುದು 196 ಕಿ.ಗ್ರಾಂ, ಅಂದರೆ 42 ಕಿ.ಗ್ರಾಂ ನಷ್ಟ.

ಬೆಲೆ ಮಾತನಾಡುವ ಮುನ್ನ

ಒಣ ಮೆಣಸಿನ ಬೆಲೆ ಕಿಲೋಗೆ 600 ರೂ. ಇದ್ದು, ಒಣ ಪ್ರಮಾಣ ಶೇ. 34 ಇದ್ದರೆ ಹಸಿ ಕಾಳಿನ ಸಮಾನ ಬೆಲೆ 204 ರೂ. ಇದರಿಂದ ಬಿಡಿಸುವ ಹಾಗೂ ಒಣಗಿಸುವ ಖರ್ಚನ್ನು ಮಾತ್ರ ಕಳೆಯಬೇಕು. ಗುತ್ತಿಗೆಯಾದರೆ ಕೊಯ್ಲಿನ ಕೂಲಿಯನ್ನೂ ಕಳೆಯಬೇಕು. ಅದಕ್ಕಿಂತ ಬಹಳ ಕಡಿಮೆ ಬೆಲೆ ಬಂದರೆ ಒಣಗಿಸಿ ಮಾರುವುದೇ ಲಾಭಕರ.

ಗಮನಿಸಬೇಕಾದ ಅಂಶಗಳು

• ಫಸಲು ಬಲಿಯುವ ಮೊದಲು ಮಾಡಿದ ಅಂದಾಜನ್ನು ಕೊಯ್ಲಿನ ವೇಳೆಗೆ ಮತ್ತೆ ಪರಿಶೀಲಿಸಬೇಕು. ತೆನೆ ಉದುರುವಿಕೆ ಮತ್ತು ಸೊರಗು ರೋಗದಿಂದ ಫಸಲು ಕುಗ್ಗಬಹುದು.

• ಕಾಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಒಣಗಿಸಿದರೆ ಬೇಗ ಒಣಗಿ ಸಮನಾದ ಕಪ್ಪು ಬಣ್ಣ ಬರುತ್ತದೆ.

• ತೂಕ ಹೆಚ್ಚಲೆಂದು ಅರೆಒಣಗಿದ ಮೆಣಸನ್ನು ಚೀಲಕ್ಕೆ ತುಂಬಬಾರದು. ಶೇ. 11ರ ಬದಲು ಶೇ. 14 ತೇವಾಂಶದಲ್ಲಿ ನಿಲ್ಲಿಸಿದರೆ 100 ಕಿ.ಗ್ರಾಂ ಹಸಿ ಕಾಳಿಗೆ ಹೆಚ್ಚುವ ತೂಕ ಸುಮಾರು 1.2 ಕಿ.ಗ್ರಾಂ ಮಾತ್ರ, ಬೂಷ್ಟು ಹಿಡಿದರೆ ಇಡೀ ಚೀಲದ ಬೆಲೆ ಕುಸಿಯುತ್ತದೆ.

• ಪ್ರತಿ ವರ್ಷದ ಹಸಿ ತೂಕ, ಒಣ ತೂಕ ಹಾಗೂ ಕೊಯ್ಲಿನ ದಿನಾಂಕವನ್ನು ತಳಿವಾರು ಬರೆದಿಡಬೇಕು. ಮೂರು ನಾಲ್ಕು ವರ್ಷಗಳ ಇಂತಹ ದಾಖಲೆ ಇದ್ದಲ್ಲಿ ಮುಂದಿನ ಅಂದಾಜು ಹೆಚ್ಚು ನಿಖರವಾಗುತ್ತದೆ.