ನಿಮಗಿದು ಗೊತ್ತೇ? ಯಾರ ಕಫ, ಯಾರ ರಕ್ತ?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನದ ಹೆಚ್ಚುಕಡಿಮೆ ಒಂದೇ ಪಾಠವಿದೆ. ಜಟಿಂಗ ರಾಮೇಶ್ವರದ ಬಂಡೆ ತೀರಾ ಸವೆದಿದೆ. ಅಲ್ಲಿ ಅಳಿಸಿಹೋದದ್ದನ್ನು ಉಳಿದೆರಡರ ನೆರವಿನಿಂದ ಓದಬೇಕು. ವೈದ್ಯರು ‘ಸಿಸ್ಟಮ್ಯಾಟಿಕ್ ರಿವ್ಯೂ’ ಅನ್ನುವುದೂ ಇಂಥದೇ ಕೆಲಸ. ರೋಗಪತ್ತೆಯ ಒಂದು ಪರೀಕ್ಷೆಯ ಬಗ್ಗೆ ಎಲ್ಲೆಲ್ಲಿ ಅಧ್ಯಯನ ನಡೆದಿದೆಯೋ ಅವನ್ನೆಲ್ಲ ಹುಡುಕಿ, ಪಕ್ಕಪಕ್ಕ ಇಟ್ಟು ಓದುವುದು.

ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ (ಅಧಿಕಾರಿಗಳಿಗೆ) ಬಂದ ಆಜ್ಞೆ, ಬರೆದವನು ಲಿಪಿಕಾರ ಚಪಡ ಎಂದು ಬ್ರಹ್ಮಗಿರಿಯ ಕಲ್ಲೇ ಹೇಳುತ್ತದೆ. ರೋಗಪತ್ತೆಯ ಎಷ್ಟೋ ವರದಿಗಳು ಇಷ್ಟನ್ನೂ ಹೇಳುವುದಿಲ್ಲ. ಯಾರನ್ನು ಪರೀಕ್ಷಿಸಿದರು? ಯಾವುದಕ್ಕೆ ಹೋಲಿಸಿ ಸರಿ-ತಪ್ಪು ನಿರ್ಧರಿಸಿದರು? ಎಷ್ಟು ಜನರನ್ನು ಲೆಕ್ಕದಿಂದ ಬಿಟ್ಟರು?

ಚಳ್ಳಕೆರೆ ಮಾರುಕಟ್ಟೆಯಲ್ಲಿ ಮೇಲಿನ ನಾಲ್ಕು ದಪ್ಪ ಶೇಂಗಾ ನೋಡಿ ಮೂಟೆ ಕೊಳ್ಳುವವರುಂಟೇ? ಮೂಟೆಯ ತಳಕ್ಕೆ ಕೈ ಹಾಕುತ್ತಾರೆ. ಪರೀಕ್ಷೆಯ ಅಧ್ಯಯನಕ್ಕೂ ಇದೇ ಮಾತು: ಕಾಯಿಲೆ ಬಲಿತವರನ್ನೂ ಗಟ್ಟಿಮುಟ್ಟಾದವರನ್ನೂ ಮಾತ್ರ ಆರಿಸಿಕೊಂಡರೆ ಯಾವ ಪರೀಕ್ಷೆಯೂ ಚೆನ್ನಾಗಿಯೇ ಕಾಣುತ್ತದೆ. ಕೆಮ್ಮಿಕೊಂಡು ಬಂದವನಿಗೆ ಕ್ಷಯವೋ ಬರೀ ಕೆಮ್ಮೋ ಅನ್ನುವಲ್ಲೇ ಅದರ ನಿಜವಾದ ಬೆಲೆ ತಿಳಿಯುವುದು.

ಒಂದು ಲೆಕ್ಕ ಹಾಕಿ ನೋಡಿ. ಶಿಬಿರಕ್ಕೆ 1,000 ಜನ ಬಂದರು, ಅವರಲ್ಲಿ 10 ಮಂದಿಗೆ ಕಾಯಿಲೆ. ಪರೀಕ್ಷೆ ರೋಗಿಗಳಲ್ಲೂ ಆರೋಗ್ಯವಂತರಲ್ಲೂ ಶೇ. 90 ಸರಿ. ರೋಗಿಗಳಲ್ಲಿ 9 ಮಂದಿ ಸಿಕ್ಕುತ್ತಾರೆ, ಜೊತೆಗೆ ಏನೂ ಇಲ್ಲದ 99 ಮಂದಿಗೂ ‘ಪಾಸಿಟಿವ್’ ಚೀಟಿ! ಆ 99 ಮನೆಗಳ ಆ ರಾತ್ರಿಯನ್ನು ನೆನೆದರೆ ಸಂಕಟವಾಗುತ್ತದೆ.

ಕ್ಷಯಕ್ಕೆಂದು ಖಾಸಗಿ ಲ್ಯಾಬುಗಳಲ್ಲಿ ಒಂದು ಬಗೆಯ ರಕ್ತಪರೀಕ್ಷೆ ವರ್ಷಗಟ್ಟಲೆ ನಡೆಯುತ್ತಿತ್ತು. 2011ರಲ್ಲಿ 92 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಶ್ವಾಸಕೋಶದ ಕ್ಷಯವನ್ನು ಅದು ಹಿಡಿಯುವ ಪ್ರಮಾಣ ಒಂದು ಅಧ್ಯಯನದಲ್ಲಿ ಶೇ. 0, ಇನ್ನೊಂದರಲ್ಲಿ ಶೇ. 100! ಅಧ್ಯಯನಗಳ ಗುಣಮಟ್ಟವೂ ಕಳಪೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ‘ಬಳಸಬೇಡಿ’ ಎಂದಿತು. 2012ರ ಜೂನ್‌ನಲ್ಲಿ ಭಾರತ ನಿಷೇಧಿಸಿತು. ಇಂಥ ರಿವ್ಯೂ ಒಂದು ನಮ್ಮ ಊರಿನ ಲ್ಯಾಬಿನ ದರಪಟ್ಟಿಯನ್ನೇ ಬದಲಿಸಬಲ್ಲದು.

ರಿವ್ಯೂ ಬರೆಯುವವರಿಗೂ ಕಟ್ಟುಪಾಡಿದೆ. ರೋಗಪತ್ತೆ ಪರೀಕ್ಷೆಗಳ ರಿವ್ಯೂಗಳಿಗೆಂದೇ 2018ರಲ್ಲಿ ಬಂದ ‘ಪ್ರಿಸ್ಮಾ-ಡಿಟಿಎ’ ಪಟ್ಟಿಯಲ್ಲಿ 27 ಅಂಶಗಳು: ಎಲ್ಲಿ ಹುಡುಕಿದಿರಿ, ಏನನ್ನು ಆರಿಸಿದಿರಿ, ಹಣ ಕೊಟ್ಟವರು ಯಾರು, ಎಲ್ಲವನ್ನೂ ಬರೆಯಬೇಕು.

ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ, ಕ್ಷಯ ಪತ್ತೆಹಚ್ಚುವ ‘ಟ್ರೂನ್ಯಾಟ್’ ಯಂತ್ರ ಬ್ಯಾಟರಿಯಲ್ಲೂ ಓಡುತ್ತದೆ, ಕರೆಂಟು ಹೋದರೂ ಕಫದ ಪರೀಕ್ಷೆ ನಿಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದನ್ನು ಒಪ್ಪಿದ್ದು ಸಾಕ್ಷ್ಯಗಳನ್ನು ಹೀಗೆಯೇ ಪರಿಶೀಲಿಸಿದ ಮೇಲೆ.